ಗೆದ್ದಿದ್ದರೆ ಎಂಬ ಪ್ರಶ್ನೆಯ ಮುಂದೆ

ಟಿಪ್ಪು ಸುಲ್ತಾನ್ ಗೆದ್ದಿದ್ದರೆ ಏನಾಗುತ್ತಿತ್ತು? ನವೆಂಬರ್ ತಿಂಗಳು ಬಂತೆಂದರೆ ಈ ಪ್ರಶ್ನೆ ನಮ್ಮ ನಡುವೆ ತಪ್ಪದೆ ತಲೆಯೆತ್ತುತ್ತದೆ. ರಾಜ್ಯ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿಯನ್ನು ಆರಂಭಿಸಿತು. ಆ ವರ್ಷ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯೂ ಆಯಿತು. 2019ರಲ್ಲಿ ಮತ್ತೊಂದು ಸರ್ಕಾರ ಜಯಂತಿಯನ್ನು ರದ್ದು ಮಾಡಿತು. ಸರ್ಕಾರಿ ವೇದಿಕೆ ಇಲ್ಲವಾದರೂ ಪ್ರಶ್ನೆ ಮಾತ್ರ ಉಳಿದುಕೊಂಡಿದೆ. ಸಾರಕ್ಕಿಯ ಚಹಾದಂಗಡಿಯಲ್ಲಿ, ಜುಮಾ ನಮಾಝ್ ಮುಗಿಸಿ ಹೊರಬರುವವರ ಮಾತಿನಲ್ಲಿ, ಕಾಲೇಜು ಹುಡುಗರ ಮೊಬೈಲ್‌ನಲ್ಲಿ ಅದು ಸುತ್ತುತ್ತಲೇ ಇರುತ್ತದೆ.

ಉತ್ತರಗಳು ಎರಡೇ. ಗೆದ್ದಿದ್ದರೆ ಮೈಸೂರು ಇನ್ನೊಂದು ಜಪಾನ್ ಆಗುತ್ತಿತ್ತು, ಕಾರ್ಖಾನೆಗಳು ಏಳುತ್ತಿದ್ದವು, ನಾವು ಯಾರಿಗೂ ಗುಲಾಮರಾಗುತ್ತಿರಲಿಲ್ಲ ಎಂಬುದು ಒಂದು. ಗೆದ್ದಿದ್ದರೆ ನಾವು ಯಾರೂ ಉಳಿಯುತ್ತಿರಲಿಲ್ಲ ಎಂಬುದು ಇನ್ನೊಂದು. ಒಂದು ಕನಸು, ಇನ್ನೊಂದು ದುಃಸ್ವಪ್ನ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಈ ಎರಡರ ಬುಡದಲ್ಲಿ ಇರುವುದು ಒಂದೇ ನಂಬಿಕೆ: ಯುದ್ಧದ ಫಲಿತಾಂಶವೇ ಒಬ್ಬ ಮನುಷ್ಯನ ಬೆಲೆಯನ್ನು ನಿರ್ಧರಿಸುತ್ತದೆ ಎಂಬುದು. ಈ ನಂಬಿಕೆಯನ್ನೇ ಸ್ವಲ್ಪ ಪರೀಕ್ಷಿಸಿ ನೋಡಬೇಕೆಂದು ನಮಗೆ ಅನಿಸುತ್ತದೆ.

‘ಹೀಗಾಗಿದ್ದರೆ’ ಎಂಬ ಮಾತಿನ ಬಗ್ಗೆ ನಮ್ಮ ಪರಂಪರೆಯಲ್ಲಿ ಒಂದು ಎಚ್ಚರಿಕೆಯಿದೆ. ಕಷ್ಟ ಬಂದಾಗ ‘ನಾನು ಹೀಗೆ ಮಾಡಿದ್ದರೆ ಹಾಗಾಗುತ್ತಿತ್ತು’ ಎನ್ನಬೇಡಿ, ಆ ‘ಆಗಿದ್ದರೆ’ ಶೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ ಎಂಬ ಅರ್ಥದ ಪ್ರವಾದಿ(ಸ)ಯವರ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಆದ ಮೇಲೆ ಯೋಚಿಸಲೇಬಾರದು ಎಂದು ಇದರ ಅರ್ಥವಲ್ಲ. ತಪ್ಪಿನಿಂದ ಕಲಿಯುವುದಕ್ಕೂ ಆಗಿಹೋದದ್ದನ್ನು ಕನಸಿನಲ್ಲಿ ಗೆದ್ದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಕಲಿಯುವ ಯೋಚನೆ ಮನುಷ್ಯನನ್ನು ಎಚ್ಚರಿಸುತ್ತದೆ. ಕನಸಿನ ಗೆಲುವು ಅವನನ್ನು ಮಲಗಿಸುತ್ತದೆ. ನಮ್ಮ ‘ಟಿಪ್ಪು ಗೆದ್ದಿದ್ದರೆ’ ಇವೆರಡರಲ್ಲಿ ಯಾವುದು?

ಟಿಪ್ಪುವನ್ನು ನಾವು ಹುಲಿಯೆಂದು, ಹುತಾತ್ಮನೆಂದು ನೆನೆಯುತ್ತೇವೆ. ಆತ ತನ್ನ ಕಾಲದ ದೊಡ್ಡ ಕಾರ್ಖಾನೆದಾರನೂ ವ್ಯಾಪಾರಿಯೂ ಆಗಿದ್ದ ಎಂಬುದು ಅಷ್ಟಾಗಿ ಚರ್ಚೆಯಾಗುವುದಿಲ್ಲ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ - ಈ ಊರುಗಳಲ್ಲಿ ಆತನ ಆಯುಧ ಕಾರ್ಖಾನೆಗಳಿದ್ದವು. ಬೆಂಗಳೂರಿನ ತಾರಾಮಂಡಲ ಪೇಟೆಯ ಹೆಸರಿನಲ್ಲಿ ಬಾಣ ತಯಾರಕರ ನೆನಪು ಇಂದಿಗೂ ಇದೆ. 1788ರಲ್ಲಿ ಆತನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯನ್ನು ವರ್ಸೈಲ್ಸ್‌ನಲ್ಲಿ ಕಂಡರು. ಸೈನ್ಯದ ಜತೆಗೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು. ಮಸ್ಕತ್‌ನಲ್ಲಿ, ಕಛ್‌ನಲ್ಲಿ ಮೈಸೂರಿನ ವ್ಯಾಪಾರ ಕೋಠಿಗಳಿದ್ದವು. ಗಂಧ, ಮೆಣಸು, ಏಲಕ್ಕಿಯ ವ್ಯಾಪಾರವನ್ನು ಸರ್ಕಾರವೇ ಕೈಯಲ್ಲಿಟ್ಟುಕೊಂಡಿತ್ತು. 1790ರ ದಶಕದಲ್ಲಿ ಹೊರಡಿಸಿದ ವಾಣಿಜ್ಯ ನಿಯಮಗಳಲ್ಲಿ ಪ್ರಜೆಗಳೂ ಬಂಡವಾಳ ಹೂಡಬಹುದೆಂಬ ಏರ್ಪಾಡಿದೆ. 5ರಿಂದ 500 ಇಮಾಮಿವರೆಗೆ ಹೂಡಿದ ಸಣ್ಣವನಿಗೆ ಶೇ. 50 ಲಾಭ, 5,000ದವರೆಗೆ ಹೂಡಿದವನಿಗೆ ಶೇ. 25, ಅದಕ್ಕೂ ಮೇಲೆ ಹೂಡಿದ ದೊಡ್ಡವನಿಗೆ ಶೇ. 12. ಬಡವನಿಗೆ ಹೆಚ್ಚು, ಸಿರಿವಂತನಿಗೆ ಕಡಿಮೆ ಎಂಬ ಈ ಲೆಕ್ಕಾಚಾರ ಇಂದಿನ ಬ್ಯಾಂಕಿನವರಿಗೆ ವಿಚಿತ್ರವಾಗಿ ಕಂಡೀತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರು ಕೋಟೆಯೊಳಗಿನ ಸಾಮಗ್ರಿಯನ್ನು ಲೆಕ್ಕ ಹಾಕಿದರು. 900ಕ್ಕೂ ಹೆಚ್ಚು ತೋಪುಗಳು ಸಿಕ್ಕವು. ಹಾರಿಸಲು ಸಿದ್ಧವಾಗಿದ್ದ 700 ಬಾಣಗಳೂ ಮದ್ದು ತುಂಬದ 9,000 ಬಾಣಗಳೂ ಸಿಕ್ಕವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರ ಹೂಳೆತ್ತುವಾಗ ಮತ್ತೆ ಸಾವಿರಕ್ಕೂ ಹೆಚ್ಚು ಬಾಣಗಳ ಕಬ್ಬಿಣದ ಕೊಳವೆಗಳು ಹೊರಬಂದವು. ಇಷ್ಟೊಂದು ಕಬ್ಬಿಣವನ್ನು ಅಗೆದು, ಕರಗಿಸಿ, ಬಡಿದು, ಸುತ್ತಿ ಕೊಳವೆ ಮಾಡಿದ ಕೈಗಳೆಷ್ಟು! ಆ ಕಮ್ಮಾರರ ಹೆಸರು ಒಂದೂ ನಮಗೆ ತಿಳಿಯದು.

ಈ ಬಾಣವೇ ಇಂದು ನಮ್ಮ ದೊಡ್ಡ ಹೆಮ್ಮೆ. ಅಬ್ದುಲ್ ಕಲಾಂ ಅವರು ತಮ್ಮ ಆತ್ಮಕಥೆಯಲ್ಲಿ ಅಮೆರಿಕದ ವಾಲಪ್ಸ್ ಬಾಹ್ಯಾಕಾಶ ಕೇಂದ್ರದ ಗೋಡೆಯ ಮೇಲೆ ಮೈಸೂರು ಸೈನ್ಯದ ರಾಕೆಟ್ಟಿನ ಚಿತ್ರ ಕಂಡದ್ದನ್ನು ಬರೆದ ಮೇಲೆ ನಮ್ಮ ಭಾಷಣಗಳಲ್ಲಿ ಆ ಚಿತ್ರ ಬಾರದೆ ಇದ್ದದ್ದಿಲ್ಲ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಬರೆದ ಪ್ರಬಂಧ ಈ ಹೆಮ್ಮೆಗೆ ವಿದ್ವತ್ತಿನ ಆಧಾರವನ್ನೂ ಕೊಟ್ಟಿತು. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಬಿಗಿಯಾಗಿ ತುಂಬಿದ್ದರಿಂದ ಅದು ಯುರೋಪಿನ ಬಾಣಗಳಿಗಿಂತ ಬಹಳ ದೂರ ಹಾರುತ್ತಿತ್ತು ಎಂಬುದು ನಿಜ. ಹೆಮ್ಮೆ ಪಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಹೆಮ್ಮೆಯನ್ನು ನಾವು ಯಾತಕ್ಕೆ ಬಳಸುತ್ತಿದ್ದೇವೆ ಎಂಬುದನ್ನು ನೋಡಬೇಕು. ‘ನೀವು ಈ ನಾಡಿಗೆ ಏನು ಕೊಟ್ಟಿರಿ’ ಎಂದು ಯಾರಾದರೂ ಕೇಳಿದಾಗ ನಾವು ಜೇಬಿನಿಂದ ತೆಗೆದು ತೋರಿಸುವ ಮೊದಲ ಪ್ರಮಾಣಪತ್ರ ಅದಾಗಿಬಿಟ್ಟಿದೆ. ಒಂದು ಸಮುದಾಯ ತನ್ನ ಮಾನವನ್ನು ಆಯುಧದಿಂದ ಸಾಬೀತು ಮಾಡಹೊರಟರೆ, ಮಾನವನ್ನು ಅಳೆಯುವ ಕೋಲು ಆಯುಧವೇ ಎಂದು ಒಪ್ಪಿಕೊಂಡಂತಾಗುತ್ತದೆ. ಆಮೇಲೆ ಅದಕ್ಕಿಂತ ದೊಡ್ಡ ಆಯುಧ ಇದ್ದವನ ಮಾನ ನಮ್ಮದಕ್ಕಿಂತ ದೊಡ್ಡದು ಎಂಬುದನ್ನೂ ಒಪ್ಪಬೇಕಾಗುತ್ತದೆ.

ಆ ಬಾಣಕ್ಕೆ ಆಮೇಲೆ ಏನಾಯಿತು ಎಂಬುದನ್ನು ನಾವು ಅರ್ಧ ಮಾತ್ರ ಹೇಳುತ್ತೇವೆ. ಶ್ರೀರಂಗಪಟ್ಟಣದಿಂದ ಕೆಲವು ಬಾಣಗಳು ಇಂಗ್ಲೆಂಡಿನ ವೂಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಎಂಬಾತ ಅವನ್ನು ಆಧರಿಸಿ ಹೊಸ ಬಾಣ ರೂಪಿಸಿದ. 1807ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಸೈನ್ಯ ಕೋಪನ್‌ಹೇಗನ್ ನಗರದ ಮೇಲೆ ಗುಂಡುಗಳ ಜತೆ ಆ ಬಾಣಗಳನ್ನೂ ಸುರಿಸಿತು. ನಗರದ ದೊಡ್ಡ ಭಾಗ ಸುಟ್ಟುಹೋಯಿತು. ಮನೆಗಳಲ್ಲಿದ್ದ ಹೆಂಗಸರು, ಮಕ್ಕಳು ಸತ್ತರು. ಡೆನ್ಮಾರ್ಕ್ ಇಂಗ್ಲೆಂಡಿನ ಮೇಲೆ ಯುದ್ಧ ಹೂಡಿರಲೂ ಇಲ್ಲ. ಮೈಸೂರಿನ ಕಮ್ಮಾರನ ಕೈಚಳಕ ಎಂಟು ವರ್ಷಗಳಲ್ಲಿ ಮೈಸೂರನ್ನು ನುಂಗಿದವರ ಕೈಯಲ್ಲೇ ಊರು ಸುಡುವ ಬೆಂಕಿಯಾಯಿತು. ಆಯುಧಕ್ಕೆ ಋಣವಿಲ್ಲ. ಎತ್ತಿದವನ ಪಾಲಿಗೆ ಅದು ದುಡಿಯುತ್ತದೆ.

‘ಸೋತದ್ದರಿಂದ ತಾನೇ ಹೀಗಾಯಿತು, ಗೆದ್ದಿದ್ದರೆ ಆ ಕುಲುಮೆಗಳಿಂದ ನೇಗಿಲು, ಯಂತ್ರ, ಗಡಿಯಾರ ಬರುತ್ತಿದ್ದವು’ ಎಂದು ಹೇಳುವವರಿದ್ದಾರೆ. ಈ ಮಾತನ್ನು ಕಲ್ಪನೆಯಿಂದ ಪರೀಕ್ಷಿಸಬೇಕಾಗಿಲ್ಲ. ಇತಿಹಾಸದಲ್ಲಿ ಗೆದ್ದ ಪಕ್ಷದ ಆಯುಧ ವ್ಯಾಪಾರಿಗಳೂ ಇದ್ದಾರೆ. ಅವರಲ್ಲಿ ಒಬ್ಬನನ್ನು ನೋಡೋಣ.

ಲೂಯಿ ದ ಗೇರ್ 1587ರಲ್ಲಿ ಇಂದಿನ ಬೆಲ್ಜಿಯಂಗೆ ಸೇರಿದ ಲಿಯೇಜ್‌ನಲ್ಲಿ ಹುಟ್ಟಿದ. ಕ್ಯಾಲ್ವಿನ್ ಪಂಥದ ಪ್ರೊಟೆಸ್ಟೆಂಟ್ ಕ್ರೈಸ್ತನಾದ ಆತನ ಕುಟುಂಬ ಹಾಲೆಂಡಿಗೆ ವಲಸೆ ಹೋಗಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಶಸ್ತ್ರ ವ್ಯಾಪಾರ ಮಾಡಿ, 1627ರಲ್ಲಿ ಸ್ವೀಡನ್ನಿಗೆ ಹೋಗಿ ನೆಲೆಸಿದ. ತನ್ನ ಹುಟ್ಟೂರಿನ ಕಡೆಯಿಂದ ನುರಿತ ಕಮ್ಮಾರರನ್ನು ಕರೆಸಿ ಫಿನ್‌ಸ್ಪಾಂಗ್ ಮೊದಲಾದ ಕಡೆ ತೋಪು ಎರಕದ ಕಾರ್ಖಾನೆಗಳನ್ನು ಬೆಳೆಸಿದ. 1618ರಿಂದ 1648ರವರೆಗೆ ಯುರೋಪಿನಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧ ಅವನ ಪಾಲಿನ ಸುಗ್ಗಿ. 1644ರಲ್ಲಿ ಸ್ವೀಡನ್ನಿಗಾಗಿ ಒಂದು ಇಡೀ ನೌಕಾಪಡೆಯನ್ನೇ ಸಜ್ಜುಗೊಳಿಸಿ ಕೊಟ್ಟ. ಸ್ವೀಡನ್ ಗೆದ್ದಿತು. ದ ಗೇರ್‌ಗೆ ಕುಲೀನ ಪದವಿ ಅದಕ್ಕೂ ಮೊದಲೇ ಸಿಕ್ಕಿತ್ತು. ಇಂದಿಗೂ ಅಲ್ಲಿ ಅವನನ್ನು ಸ್ವೀಡಿಷ್ ಕೈಗಾರಿಕೆಯ ಪಿತಾಮಹನೆಂದು ಕರೆಯುತ್ತಾರೆ. ಅಮೆರಿಕದ ಎರಿಕ್ ಫ್ಲಿಂಟ್ 2000ದಲ್ಲಿ ಆರಂಭಿಸಿದ, ಅದೇ ಯುದ್ಧಕಾಲವನ್ನು ಬೇರೆ ದಾರಿಗೆ ತಿರುಗಿಸಿ ನೋಡುವ ಕಾದಂಬರಿಮಾಲೆಯಲ್ಲೂ ಅವನೊಂದು ಪಾತ್ರ. ಹಾಗಾಗಿದ್ದರೆ ಹೀಗಾಗುತ್ತಿತ್ತು ಎಂದು ಕನಸುವ ಚಟ ನಮ್ಮೊಬ್ಬರದೇ ಅಲ್ಲ.

ಈತ ಕೆಟ್ಟ ಮನುಷ್ಯನಾಗಿದ್ದನೇ? ಹಾಗೆ ಹೇಳುವುದು ಸುಲಭವಲ್ಲ. ದೈವಭಕ್ತ. ಧರ್ಮದ ಕಾರಣಕ್ಕೆ ಊರು ಬಿಟ್ಟು ಬಂದ ನಿರಾಶ್ರಿತರಿಗೆ ಕೈತುಂಬ ದಾನ ಮಾಡಿದವ. ಮಕ್ಕಳನ್ನು ಹೊಡೆಯದೆ ಪ್ರೀತಿಯಿಂದ ಕಲಿಸಬೇಕೆಂದ ಮಹಾ ಶಿಕ್ಷಣತಜ್ಞ ಕೊಮೇನಿಯಸ್‌ನನ್ನು ವರ್ಷಗಟ್ಟಲೆ ಸಾಕಿದವ. ತೋಪಿನ ಹಣದಿಂದ ಪಠ್ಯಪುಸ್ತಕಗಳು ಹುಟ್ಟಿದವು. ಆದರೆ 1648ರಲ್ಲಿ ಶಾಂತಿ ಬಂತು. ಯುದ್ಧ ನಿಂತಿತು, ಬಂಡವಾಳ ನಿಲ್ಲಲಿಲ್ಲ. ಮರುವರ್ಷವೇ, 1649ರಲ್ಲಿ, ದ ಗೇರ್ ಸ್ವೀಡಿಷ್ ಆಫ್ರಿಕಾ ಕಂಪನಿಯನ್ನು ಕಟ್ಟಿದ. ಆ ಕಂಪನಿ ಚಿನ್ನ ಮತ್ತು ಆನೆದಂತದ ಜತೆಗೆ ಮನುಷ್ಯರನ್ನೂ ಮಾರಿತು. ಗೆದ್ದವನ ಕುಲುಮೆಯಿಂದ ತಾನಾಗಿ ನೇಗಿಲು ಹೊರಬರಲಿಲ್ಲ. ಗೆಲುವು ಮನುಷ್ಯನಿಗೆ ವಿವೇಕ ಕೊಡುವುದಿಲ್ಲ, ಅವಕಾಶ ಮಾತ್ರ ಕೊಡುತ್ತದೆ.

ಟಿಪ್ಪುವೂ ಹೀಗೇ ಮಾಡುತ್ತಿದ್ದ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ನಾವೂ ಅದೇ ‘ಗೆದ್ದಿದ್ದರೆ’ಯ ಬಲೆಗೆ ಬಿದ್ದಂತೆ. ಟಿಪ್ಪು ಎದುರಿಸಿದ್ದು ಸಾಮಾನ್ಯ ಶತ್ರುವನ್ನಲ್ಲ. ಈಸ್ಟ್ ಇಂಡಿಯಾ ಕಂಪನಿಯೇ ಜಗತ್ತಿನ ಅತಿ ದೊಡ್ಡ ಸಶಸ್ತ್ರ ವ್ಯಾಪಾರಿಯಾಗಿತ್ತು. 1792ರಲ್ಲಿ ಅದು ಮಿತ್ರರ ಜತೆ ಸೇರಿ ಮೈಸೂರಿನ ಅರ್ಧ ರಾಜ್ಯ ಕಿತ್ತುಕೊಂಡಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಹಾಕಿ, ಎರಡು ಮಕ್ಕಳನ್ನು ಒತ್ತೆಯಾಗಿ ಒಯ್ದಿತು. ಇಂಥವರೆದುರು ಬರಿಗೈಯಲ್ಲಿ ನಿಲ್ಲು ಎಂದು ಯಾವ ಧರ್ಮವೂ ಹೇಳಲಾರದು. ಮನೆಗೆ ನುಗ್ಗಿದವನನ್ನು ತಡೆಯಲು ದೊಣ್ಣೆ ಹಿಡಿದವನನ್ನು ನಾವು ದೂರುವುದಿಲ್ಲ.

ಆದರೆ ಅದೇ ದೊಣ್ಣೆ ನೆರೆಯವನ ಮೇಲೂ ಎದ್ದಿತ್ತು ಎಂಬುದನ್ನು ಮುಚ್ಚಿಡಬಾರದು. 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನು, ಅದರ ಆಸುಪಾಸಿನಲ್ಲೇ ಕೊಡಗಿನವರನ್ನು ಸಾವಿರಗಟ್ಟಲೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ನೆರವು ಕಳಿಸಿದವನೂ ಟಿಪ್ಪುವೇ. ನಾವು ಶೃಂಗೇರಿಯ ಪತ್ರಗಳನ್ನು ಹಿಡಿದು ಮಂಗಳೂರನ್ನು ಮರೆಸುತ್ತೇವೆ. ಇನ್ನು ಕೆಲವರು ಮಂಗಳೂರನ್ನು ಹಿಡಿದು ಶೃಂಗೇರಿಯನ್ನು ಮರೆಸುತ್ತಾರೆ. ‘ಗೆದ್ದಿದ್ದರೆ’ ಎಂಬ ಕನಸಿಗೆ ಬೀಳುವಾಗ ನಾವು ಒಂದು ಸಣ್ಣ ಕೆಲಸ ಮಾಡಬಹುದು. ಆ ಕನಸನ್ನು ಸೆರೆಯಾಳಿನ ಸಾಲಿನಲ್ಲಿ ನಿಂತವನ ಕಣ್ಣಿನಿಂದ ಒಮ್ಮೆ ನೋಡುವುದು. ಅವನಿಗೂ ಅದು ಕನಸಾಗಿ ಕಂಡರೆ ಮಾತ್ರ ಅದು ನ್ಯಾಯದ ಕನಸು.

ಕಬ್ಬಿಣದ ಬಗ್ಗೆ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವೇ ಇದೆ. ಅಲ್ ಹದೀದ್ ಎಂದರೆ ಕಬ್ಬಿಣ. ಅಲ್ಲಿ ಕಬ್ಬಿಣದ ಪ್ರಸ್ತಾಪ ಬರುವ ಸೂಕ್ತಿಯ ಕ್ರಮವನ್ನು ಗಮನಿಸಬೇಕು. ಮೊದಲು ಪ್ರವಾದಿಗಳು, ಬಳಿಕ ಗ್ರಂಥ ಮತ್ತು ತ್ರಾಸು, ಜನರು ನ್ಯಾಯದಲ್ಲಿ ನಿಲ್ಲಲಿ ಎಂದು. ಆಮೇಲೆ ಕಬ್ಬಿಣ, ಅದರಲ್ಲಿ ಉಗ್ರ ಬಲವೂ ಇದೆ, ಜನರಿಗೆ ಪ್ರಯೋಜನಗಳೂ ಇವೆ ಎಂಬ ಮಾತು. ತ್ರಾಸು ಮೊದಲು, ಕಬ್ಬಿಣ ನಂತರ. ಕುರ್‌ಆನ್ ಹೇಳುವ ಕಮ್ಮಾರ ಪ್ರವಾದಿ ದಾವೂದ್(ಅ). ಅವರ ಕೈಯಲ್ಲಿ ಕಬ್ಬಿಣ ಮೃದುವಾಯಿತು. ಆ ಕೈ ಮಾಡಿದ್ದೇನು? ಕತ್ತಿಯಲ್ಲ, ಕವಚ. ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಿ ಪೆಟ್ಟಿನಿಂದ ಕಾಯುವ ಕವಚ.

ನಮ್ಮ ಕರ್ಮಶಾಸ್ತ್ರದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಒಳಜಗಳದ ಕಾಲದಲ್ಲಿ, ಅಂದರೆ ಫಿತ್ನಾದ ಕಾಲದಲ್ಲಿ, ಶಸ್ತ್ರ ಮಾರಬಹುದೇ ಎಂಬುದನ್ನು ಅವರು ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ಇಮಾಮ್ ಬುಖಾರಿಯವರು ವ್ಯಾಪಾರದ ಭಾಗದಲ್ಲಿ ಇದಕ್ಕೊಂದು ತಲೆಬರಹವನ್ನೇ ಕೊಟ್ಟು, ಸಹಾಬಿ ಇಮ್ರಾನ್ ಬಿನ್ ಹುಸೈನ್(ರ) ಅಂಥ ಮಾರಾಟವನ್ನು ಇಷ್ಟಪಡಲಿಲ್ಲವೆಂದು ದಾಖಲಿಸಿದ್ದಾರೆ. ಕೊಂಡವನು ಅದರಿಂದ ಯಾರನ್ನು ಕೊಲ್ಲುತ್ತಾನೆ ಎಂದು ಗೊತ್ತಿದ್ದೂ ಮಾರುವವನು ‘ನಾನು ಬರೀ ವ್ಯಾಪಾರಿ’ ಎಂದು ಕೈತೊಳೆದುಕೊಳ್ಳಲಾಗದು ಎಂಬುದು ಇದರ ಹಿಂದಿನ ವಿವೇಕ. ಸರಕು ಕೈಬಿಟ್ಟರೂ ಹೊಣೆ ಕೈಬಿಡುವುದಿಲ್ಲ.

ಕನ್ನಡದಲ್ಲಿ ‘ಆಯುಧ’ ಎಂಬ ಒಂದೇ ಮಾತು ಕೊಲ್ಲುವ ಸಾಧನಕ್ಕೂ ದುಡಿಯುವ ಸಾಧನಕ್ಕೂ ಸಲ್ಲುತ್ತದೆ. ಆಯುಧ ಪೂಜೆಯ ದಿನ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್‌ನಲ್ಲಿ ಲೇತ್ ಯಂತ್ರಕ್ಕೆ ಹೂ ಮುಡಿಸುತ್ತಾರೆ, ಗ್ಯಾರೇಜಿನಲ್ಲಿ ಸ್ಪ್ಯಾನರಿಗೆ ಕುಂಕುಮ ಇಡುತ್ತಾರೆ, ಆಟೋಗಳಿಗೆ ಬಾಳೆಕಂದು ಕಟ್ಟುತ್ತಾರೆ. ಅರಸರ ಕತ್ತಿಗೆ ಸಲ್ಲುತ್ತಿದ್ದ ಪೂಜೆ ಕೂಲಿಕಾರನ ಸುತ್ತಿಗೆಗೂ ಬಂದಿದೆ. ಆ ಆಚರಣೆ ನಮ್ಮದಲ್ಲದಿದ್ದರೂ ಅದರೊಳಗಿನ ಈ ತಿರುವು ನಮಗೆ ಮುಖ್ಯವೆನಿಸುತ್ತದೆ. ಜನ ತಮಗೆ ಗೊತ್ತಿಲ್ಲದೆಯೇ ಇತಿಹಾಸವನ್ನು ಬೇರೆ ದಾರಿಗೆ ತಿರುಗಿಸಿದ್ದಾರೆ.

ಟಿಪ್ಪುವಿನ ಕಾರ್ಖಾನೆಗಳಲ್ಲೂ ಅಂಥ ಒಂದು ದಾರಿಯಿತ್ತು. 1786ರ ಒಂದು ಪತ್ರದಲ್ಲಿ, ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರು ರೇಷ್ಮೆಹುಳು ತರಲು ಬಂಗಾಳಕ್ಕೆ ಹೋಗಿ ಮರಳುತ್ತಿದ್ದಾರೆ, ಹುಳುಗಳಿಗೆ ತಕ್ಕ ಸ್ಥಳ ಸಿದ್ಧ ಮಾಡಿ ಎಂದು ಟಿಪ್ಪು ತನ್ನ ಕಿಲ್ಲೇದಾರನಿಗೆ ಬರೆಯುತ್ತಾನೆ. ಮುಂದೆ ರಾಜ್ಯದ 21 ಕಡೆ ರೇಷ್ಮೆ ಸಾಕಣೆಗೆ ಏರ್ಪಾಡಾಯಿತು. ಬಾಣ ಹೋಯಿತು, ತೋಪು ಹೋಯಿತು, ಸಿಂಹಾಸನವನ್ನು ತುಂಡು ಮಾಡಿ ಹಂಚಿಕೊಂಡರು. ರೇಷ್ಮೆ ಉಳಿಯಿತು. ಅದಕ್ಕೆ ಯಾವ ಯುದ್ಧವನ್ನೂ ಗೆಲ್ಲಬೇಕಾಗಿರಲಿಲ್ಲ.

ಅದರ ಗುರುತು ಸಾರಕ್ಕಿಯ ಸುತ್ತಮುತ್ತಲೇ ಇದೆ. ರೇಷ್ಮೆಯ ಸೀಮೆಯಾದ ಕನಕಪುರಕ್ಕೆ ಹೋಗುವ ರಸ್ತೆ ಸಾರಕ್ಕಿಯನ್ನು ಹಾದೇ ಹೋಗುತ್ತದೆ. ಅದೇ ರಸ್ತೆಯ ಮೇಲೆ ಓಡುವ ಮೆಟ್ರೋದ ಕೊನೆಯ ನಿಲ್ದಾಣದ ಹೆಸರು ಸಿಲ್ಕ್ ಇನ್‌ಸ್ಟಿಟ್ಯೂಟ್. ಬಿಟಿಎಂ ಲೇಔಟ್‌ನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದೆ. ಬಸವನಗುಡಿಯ ಕಡೆ ಜೆಮ್‌ಷೆಡ್‌ಜಿ ಟಾಟಾ ತೆರೆದ ರೇಷ್ಮೆ ತೋಟದ ಹೆಸರು ಟಾಟಾ ಸಿಲ್ಕ್ ಫಾರ್ಮ್ ಎಂದು ಬಡಾವಣೆಗೇ ಅಂಟಿಕೊಂಡಿದೆ. ದಿನವೂ ಈ ಹೆಸರುಗಳ ನಡುವೆ ಓಡಾಡುವ ನಾವು ಟಿಪ್ಪುವನ್ನು ಹುಡುಕಿಕೊಂಡು ಅಮೆರಿಕದ ಗೋಡೆಯ ಚಿತ್ರದವರೆಗೆ ಹೋಗುತ್ತೇವೆ!

ಹಾಗೆಂದು ರೇಷ್ಮೆಯನ್ನೂ ಪವಿತ್ರವೆಂದು ತಲೆಯ ಮೇಲೆ ಹೊರಬೇಕಾಗಿಲ್ಲ. ರಾಮನಗರದ ನೂಲು ಬಿಚ್ಚುವ ಮನೆಗಳಲ್ಲಿ ದುಡಿಯುವವರಲ್ಲಿ ನಮ್ಮವರು ಬಹಳ ಮಂದಿ. ಕುದಿಯುವ ನೀರಿನಲ್ಲಿ ಬೆರಳು ಅದ್ದಿ ಗೂಡಿನ ಎಳೆ ಹುಡುಕುತ್ತಿದ್ದ ಮಕ್ಕಳ ಸ್ಥಿತಿಯನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತ್ತು. ಜೀತದ ಸಾಲಕ್ಕೆ ಒತ್ತೆಯಾದ ಮಕ್ಕಳು ಅವರು. ಹಾಗಾದರೆ ಬಾಣಕ್ಕೂ ರೇಷ್ಮೆಗೂ ಏನು ವ್ಯತ್ಯಾಸ? ಮಗುವಿನ ಬೆರಳು ಸುಟ್ಟರೆ ರೇಷ್ಮೆ ಉದ್ಯಮ ಕೆಟ್ಟಿದೆ ಎಂದರ್ಥ. ಅದನ್ನು ತಿದ್ದಬಹುದು, ತಿದ್ದಿದ ಮೇಲೂ ರೇಷ್ಮೆ ರೇಷ್ಮೆಯಾಗಿಯೇ ಇರುತ್ತದೆ. ಬಾಣದಿಂದ ಮನೆ ಸುಟ್ಟರೆ ಬಾಣ ಸರಿಯಾಗಿ ಕೆಲಸ ಮಾಡಿದೆ ಎಂದರ್ಥ. ರೇಷ್ಮೆಯಲ್ಲಿ ಕೇಡು ಅದರ ಸೋಲು. ಬಾಣದಲ್ಲಿ ಕೇಡೇ ಅದರ ಯಶಸ್ಸು. ಆದ್ದರಿಂದಲೇ ಅನಿವಾರ್ಯವಾಗಿ ಆಯುಧ ಮಾಡಬೇಕಾಗಿ ಬಂದಾಗಲೂ ಅದರ ಬಗ್ಗೆ ಸಂಭ್ರಮಪಡುವುದು ಸಲ್ಲ.

ಇದೆಲ್ಲ ಹಳೆಯ ಕಾಲದ ಮಾತೆಂದು ಯಾರೂ ತಿಳಿಯಬಾರದು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜತೆಗೂಡಿ ವಿಮಾನ ಕಾರ್ಖಾನೆಯನ್ನು ತೆರೆದಂದಿನಿಂದ ಬೆಂಗಳೂರು ಮತ್ತೆ ಆಯುಧದ ಊರಾಗಿದೆ. ಅದೇ ಇಂದಿನ ಎಚ್‌ಎಎಲ್. 1954ರಲ್ಲಿ ಬಿಇಎಲ್ ಬಂತು. 1996ರಿಂದ ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನಗಳ ಸಂತೆ ನಡೆಯುತ್ತದೆ. 2013-14ರಲ್ಲಿ ಭಾರತ ರಫ್ತು ಮಾಡಿದ ರಕ್ಷಣಾ ಸಾಮಗ್ರಿಯ ಮೌಲ್ಯ 686 ಕೋಟಿ ರೂಪಾಯಿ. 2024-25ರಲ್ಲಿ ಅದು 23,622 ಕೋಟಿ. ಒಂದು ಕಾಲಕ್ಕೆ ಆಯುಧ ಕೊಳ್ಳುವ ದೇಶವೆಂದೇ ಹೆಸರಾಗಿದ್ದ ನಾವು ಮಾರುವ ದೇಶವೂ ಆಗಿದ್ದೇವೆ. ಸಾರಕ್ಕಿ, ಜೆ.ಪಿ. ನಗರ, ಬನಶಂಕರಿಯ ಮನೆಗಳಿಂದ ಬೆಳಗ್ಗೆ ಕೆಲಸಕ್ಕೆ ಹೊರಡುವ ಮಕ್ಕಳಲ್ಲಿ ಹಿಂದೂ, ಮುಸ್ಲಿಮ್, ಕ್ರೈಸ್ತ ಎನ್ನದೆ ಎಷ್ಟೋ ಮಂದಿ ಈ ಉದ್ಯಮದ ಯಾವುದೋ ಒಂದು ಮೂಲೆಯಲ್ಲಿ ದುಡಿಯುತ್ತಾರೆ. ಒಬ್ಬಳು ಕ್ಯಾಮೆರಾದ ತಂತ್ರಾಂಶ ಬರೆಯುತ್ತಾಳೆ, ಒಬ್ಬ ಒಂದು ಸಣ್ಣ ತಿರುಪನ್ನು ಕಡೆಯುತ್ತಾನೆ. ಅದು ಎಲ್ಲಿಗೆ ಹೋಗಿ ಏನಾಗುತ್ತದೆ ಎಂದು ಬಹಳ ಸಲ ಅವರಿಗೇ ತಿಳಿದಿರುವುದಿಲ್ಲ.

ಆ ಸಂಬಳ ಹರಾಮ್ ಎಂದು ಫತ್ವಾ ಕೊಡುವುದು ನಮ್ಮ ಕೆಲಸವಲ್ಲ, ನಮ್ಮ ಉದ್ದೇಶವೂ ಅಲ್ಲ. ದೇಶದ ಗಡಿ ಕಾಯಲು ಕವಚ ಬೇಕು ಎಂಬುದನ್ನು ದಾವೂದರ ಕಥೆಯೇ ಒಪ್ಪುತ್ತದೆ. ಆದರೆ ಕೇಳುವ ಹಕ್ಕು ನಮ್ಮ ಮಕ್ಕಳಿಗಿದೆ, ಕೇಳಲು ಕಲಿಸುವ ಹೊಣೆ ನಮಗಿದೆ: ಇದನ್ನು ಯಾರಿಗೆ ಮಾರುತ್ತೇವೆ? ಕೊಳ್ಳುವವನು ಇದನ್ನು ತನ್ನ ಮನೆ ಕಾಯಲು ಕೊಳ್ಳುತ್ತಾನೋ, ನೆರೆಯವನ ಮನೆ ಸುಡಲೋ? ಯುದ್ಧ ನಿಂತ ದಿನ ಈ ಕಾರ್ಖಾನೆ ಏನು ಮಾಡುತ್ತದೆ? ದ ಗೇರ್‌ನ ಕಾಲದಲ್ಲಿ ಈ ಮೂರನೆಯ ಪ್ರಶ್ನೆಯನ್ನು ಕೇಳುವವರಿದ್ದಿದ್ದರೆ... ನೋಡಿ, ಬೇಡವೆಂದರೂ ‘ಇದ್ದಿದ್ದರೆ’ ಬಂದೇ ಬಿಡುತ್ತದೆ! ಬರಲಿ. ಆದರೆ ಅದು ಸತ್ತವರನ್ನು ಗೆಲ್ಲಿಸಲು ಬರುವುದು ಬೇಡ, ಬದುಕಿರುವವರನ್ನು ಎಚ್ಚರಿಸಲು ಬರಲಿ.

ಟಿಪ್ಪು ಗೆದ್ದಿದ್ದರೆ ಏನಾಗುತ್ತಿತ್ತೆಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ಗೆಲುವು ಆತನ ತಪ್ಪುಗಳನ್ನು ತೊಳೆಯುತ್ತಿರಲಿಲ್ಲ. ಸೋಲು ಆತನ ಒಳಿತನ್ನು ಅಳಿಸಲೂ ಇಲ್ಲ. ಇಷ್ಟನ್ನು ಒಪ್ಪಿಕೊಂಡರೆ ಮುಂದಿನ ನವೆಂಬರಿನಲ್ಲಿ ನಮ್ಮ ಮಾತು ಸ್ವಲ್ಪ ಬೇರೆಯಾದೀತು. ಬಂಗಾಳದಿಂದ ಹುಳುವಿನ ಬುಟ್ಟಿ ಹೊತ್ತು ತಂದ ಆ ಇಬ್ಬರ ಬಗ್ಗೆಯೂ, ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ನಡೆದವರ ಬಗ್ಗೆಯೂ ಒಂದೇ ಸಭೆಯಲ್ಲಿ ಮಾತನಾಡಲು ನಮಗೆ ಧೈರ್ಯ ಬಂದೀತು.